ಅತ್ತೆಯವರ ಸಮುದ್ರಸ್ನಾನ

ಅವತ್ತು ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿಟ್ಟು, ಡಿಕಾಕ್ಷನ್ ಇಳಿಯಲೆಂದು ಅಡುಗೆಮನೆಯ ಕಿಟಕಿಯ ಬಳಿ ನಿಂತಿದ್ದೆ. ಎದುರು ಬ್ಲಾಕಿನಲ್ಲಿ ಯಾರೋ ಬಿದಿರುಗಳುವಿಗೆ ಬಟ್ಟೆ ಸಿಕ್ಕಿಸುತ್ತಿದ್ದರು. ಮಗಳ ಜಡೆ ಹೆಣೆದು, ಡಬ್ಬಿಗೆ ಒಗ್ಗರಣೆ ಅವಲಕ್ಕಿ ತುಂಬಿ, ಸ್ಕೂಲ್ ಬಸ್ಸು ಹತ್ತಿಸಿ ಮೇಲೆ ಬಂದರೆ ಅತ್ತೆ ಆಗಲೇ ತಯಾರಾಗಿ ಸೋಫಾದ ತುದಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ಬಟ್ಟೆಚೀಲ. ಅದರಲ್ಲಿ ಒಣಸೀರೆ, ಟವೆಲ್ಲು, ಅರಿಶಿನ ಕುಂಕುಮದ ಭರಣಿ, ಒದ್ದೆ ಕಾಗದದಲ್ಲಿ ಸುತ್ತಿದ ಒಂದು ಮೊಳ ಮಲ್ಲಿಗೆ.

"ಕಾಫಿ ಕುಡೀರಿ ಅತ್ತೆ, ದೂರ ಇದೆ."

"ಸ್ನಾನ ಆದ್ಮೇಲೆ ಕುಡಿದ್ರಾಯ್ತು. ನೀನು ಬೇಗ ಹೊರಡು."

ಅದು ಹರಕೆಯ ಸ್ನಾನ. ನನ್ನ ಮಗಳು ದಿನ ತುಂಬುವ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಾಗ, ಮೈಸೂರಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಅತ್ತೆ ಹೇಳಿಕೊಂಡಿದ್ದರು: ಮಗು ಮನೆಗೆ ಬಂದರೆ ಸಮುದ್ರದಲ್ಲಿ ಮುಳುಗಿ ಏಳುತ್ತೇನೆ. ಮಗು ಬಂತು, ಬೆಳೆಯಿತು, ನಮ್ಮೊಡನೆ ಸಿಂಗಾಪುರಕ್ಕೂ ಬಂತು. ಸ್ನಾನ ಮಾತ್ರ ಒಂದು ವರ್ಷ ಮಂಡಿನೋವಿಗೆ, ಇನ್ನೊಂದು ವರ್ಷ ಯಾರದೋ ಮದುವೆಗೆ, ಆಮೇಲೆ ಕೊರೋನಾಕ್ಕೆ ತಪ್ಪುತ್ತಲೇ ಹೋಯಿತು. ಸಮುದ್ರವನ್ನು ಕಂಡಕಂಡ ದಿನ ಮುಟ್ಟುವ ಹಾಗಿಲ್ಲ, ಪರ್ವದ ದಿನವೇ ಆಗಬೇಕೆಂದು ಅತ್ತೆಯ ಪಟ್ಟು. ಈ ಸಲ ಅವರು ನಮ್ಮಲ್ಲಿಗೆ ಬಂದ ಮೇಲೆ, ಹಿಂದಿನ ಅಮಾವಾಸ್ಯೆಗೆ ಈಸ್ಟ್ ಕೋಸ್ಟ್ ಬೀಚಿಗೆ ಕರೆದೊಯ್ದಿದ್ದೆ. ಅಲ್ಲಿ ಚಡ್ಡಿ ತೊಟ್ಟು ಓಡುವವರು, ಸೈಕಲ್ಲಿನವರು, ನಾಯಿ ಹಿಡಿದವರು. "ಇಷ್ಟು ಜನದ ಮಧ್ಯೆ ಒದ್ದೆ ಸೀರೇಲಿ ಏಳೋದು ಹೇಗಮ್ಮ?" ಎಂದು ಕಾಲು ಕೂಡ ನೆನೆಸದೆ ವಾಪಸಾಗಿದ್ದರು. ಈಗ ಮತ್ತೆ ಅಮಾವಾಸ್ಯೆ. ಗುರುವಾರ ಊರಿಗೆ ಮರಳಲು ಅವರ ವಿಮಾನ.

ಅಂಥ ಹೊತ್ತಿಗೆ ಬಂತು ಗೆಳತಿಯ ಫೋನು. ನಾವಿಬ್ಬರೂ ಒಂದೇ ಕಾನ್ವೆಂಟಿನಲ್ಲಿ ಓದಿದವರು. ಆಕೆ ದಕ್ಷಿಣದ ದ್ವೀಪವೊಂದರ ಸಮುದ್ರತೀರದ ಕಾಲೋನಿಗೆ ಹೊಸದಾಗಿ ಶಿಫ್ಟ್ ಆಗಿದ್ದಳು. "ಮನೆ ಹಿಂದೇನೇ ನೀರು ಕಣೆ! ನಾಳೆ ಊಟಕ್ಕೆ ಬಾ, ನಿಮ್ಮತ್ತೇನೂ ಕರ್ಕೊಂಡ್ ಬಾ." ಮೊದಲ ಸಲ ಹೋದ ಮನೆಯಲ್ಲಿ ಒಂದು ಲೋಟ ನೀರನ್ನೂ ಬಾಯಿಬಿಟ್ಟು ಕೇಳಬಾರದೆಂದು ಸಿಸ್ಟರುಗಳು ಕಲಿಸಿದ್ದರಲ್ಲ, ನಾನು ಸ್ನಾನದ ಮಾತೇ ಎತ್ತಲಿಲ್ಲ. ಮನೆಯ ಹಿಂದೆ ನೀರಿದೆಯೆಂದ ಮೇಲೆ ಅಲ್ಲಿಗೆ ಹೋಗಿಯೇ ಮೆಲ್ಲಗೆ ಹೇಳಿದರಾಯಿತು ಎಂದುಕೊಂಡೆ.

ಸೇತುವೆ ದಾಟಿದ ಮೇಲೆ ಗೇಟು. ಕಾವಲಿನವನು ನಮ್ಮ ಹೆಸರು ನೋಡಿ ಟ್ಯಾಕ್ಸಿ ಒಳಗೆ ಬಿಟ್ಟ. ಬಿಳಿ ಬೆಣಚುಕಲ್ಲಿನ ದಾರಿ, ಒಂದೇ ಎತ್ತರಕ್ಕೆ ಕತ್ತರಿಸಿದ ಬೇಲಿ, ತಗ್ಗು ಮಾಡಿನ ಮನೆಗಳು. ಗೆಳತಿ ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿ, ಸೀದಾ ಹಿಂದಿನ ಜಗಲಿಗೆ ಕರೆದೊಯ್ದಳು.

ನೀರೇನೋ ಇತ್ತು. ಹಸಿರಾಗಿ, ಅಲ್ಲಾಡದೆ, ಎರಡೂ ಕಡೆ ಕಲ್ಲಿನ ಗೋಡೆಗಳ ನಡುವೆ.

"ಅಲೆ ಎಲ್ಲಮ್ಮ?" ಎಂದರು ಅತ್ತೆ.

"ಇದು ಕೆನಾಲ್ ಆಂಟಿ. ಆಚೆ ಸಮುದ್ರಕ್ಕೆ ಅಡ್ಡ ಗೇಟ್ ಹಾಕಿದ್ದಾರೆ. ಇದಕ್ಕೆ ಇಳಿಯೋ ಹಾಗಿಲ್ಲ."

ಅತ್ತೆ ಚೀಲವನ್ನು ಕಾಲಿನ ಹಿಂದಕ್ಕೆ ಸರಿಸಿ, "ಚೆನ್ನಾಗಿದೆ, ದೇವಸ್ಥಾನದ ಕಲ್ಯಾಣಿ ಇದ್ದ ಹಾಗಿದೆ" ಎಂದರು. ಆ ಸರಿಸಿದ ರೀತಿ ನೋಡಿ ನನಗೆ ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ.

"ಲೇ, ಫೋನಲ್ಲೇ ಹೇಳೋಕೆ ಏನಾಗಿತ್ತೇ ನಿಂಗೆ? ಸಿಸ್ಟರ್ ಬಂದು ಕೈಗೆ ಸ್ಕೇಲಲ್ಲಿ ಹೊಡೀತಾರೆ ಅಂದ್ಕೊಂಡ್ಯಾ?" ಎಂದು ಗೆಳತಿ ಬೈದಳು.

ಬೇಲಿಯಾಚೆ ಗಿಡಕ್ಕೆ ನೀರು ಹಾಕುತ್ತಿದ್ದ ಪಕ್ಕದ ಮನೆಯ ಚೀನೀ ಅಜ್ಜಿ ಗಲಾಟೆ ಕೇಳಿ ಏನೆಂದು ವಿಚಾರಿಸಿದರು. ಗೆಳತಿ ಇಂಗ್ಲಿಷಿನಲ್ಲಿ ವಿವರಿಸಿದಳು.

"ಮೊಮ್ಮಗಳಿಗಾ?" ಎಂದು ಅಜ್ಜಿ ಪೈಪು ಕೆಳಗಿಟ್ಟು, ಮಾತಿನ ಕೊನೆಗೆ ಇಲ್ಲಿನವರಂತೆ 'ಲಾ' ಸೇರಿಸಿ ಹೇಳಿದರು: "ಕೊನೇ ಮನೆ ಹಿಂದೆ ಸಣ್ಣ ಬೀಚ್ ಇದೆ ಲಾ. ಯಾರೂ ಬರಲ್ಲ. ಈಗ್ಲೇ ನಡೀರಿ, ನೀರು ಇಳಿದ್ರೆ ಬರೀ ಕೆಸರು." ಒಳಗೆ ಹೋಗಿ ತಮ್ಮ ರಬ್ಬರ್ ಚಪ್ಪಲಿ ತಂದು ಅತ್ತೆಯ ಮುಂದಿಟ್ಟರು. "ಕಲ್ಲು ಚುಚ್ಚುತ್ತೆ."

ಮಡಿಯಲ್ಲಿ ಹೊರಟ ಅತ್ತೆ ಪರರ ಚಪ್ಪಲಿಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿ ಮೆಟ್ಟಿಕೊಂಡರು.

ಕೈಯಗಲದ ಮರಳು, ಎದುರಿಗೆ ದೂರದಲ್ಲಿ ನಿಂತ ಹಡಗುಗಳು. ಗೆಳತಿ ಟವೆಲ್ಲನ್ನು ಪರದೆಯಂತೆ ಹಿಡಿದು ನಿಂತಳು. ಒಂದು ಕೈ ನಾನು, ಇನ್ನೊಂದು ಕೈ ಆ ಅಜ್ಜಿ ಹಿಡಿದುಕೊಂಡೆವು. ಅತ್ತೆ ಮೂರು ಸಲ ಮುಳುಗಿ ಎದ್ದರು. ಪ್ರತಿ ಸಲವೂ ಮಗಳ ಹೆಸರು. ಆ ಆಸ್ಪತ್ರೆಯ ದಿನಗಳಲ್ಲಿ ನನಗೆ ಮನೆಯ ಸ್ತೋತ್ರವೂ ನೆನಪಾಗಿರಲಿಲ್ಲ, ಕಾನ್ವೆಂಟಿನ ಪ್ರಾರ್ಥನೆಯೂ ನೆನಪಾಗಿರಲಿಲ್ಲ. ನನ್ನ ಪಾಲಿನದನ್ನೂ ಇವರೇ ಬೇಡಿಕೊಂಡಿದ್ದರು. ಸೊಂಟದವರೆಗಿನ ನೀರಿನಲ್ಲಿ ನಿಂತು ಅದನ್ನೇ ಯೋಚಿಸುತ್ತಿದ್ದೆ.

ಅತ್ತೆ ಮಲ್ಲಿಗೆ ತೆಗೆದಾಗ ಮಾತ್ರ ಗಾಬರಿಯಾಯಿತು. "ಅತ್ತೆ, ನೀರಿಗೆ ಎಸೆದ್ರೆ ಫೈನ್ ಹಾಕ್ತಾರೆ!"

"ಸಮುದ್ರರಾಜನಿಗೆ ಹೂವು ಕೊಟ್ರೂ ಫೈನಾ? ಎಂಥಾ ಊರೇ ನಿಂದು!" ಎಂದು ನಕ್ಕರು. ನೀರಿಗೊಂದು ಚಿಟಿಕೆ ಕುಂಕುಮ ಹಾಕಿದರು. ಹೂವನ್ನು ಅಜ್ಜಿಯ ಕೈಗಿತ್ತು, ಅವರ ಹಣೆಗೂ ಗೆಳತಿಯ ಹಣೆಗೂ ಕುಂಕುಮವಿಟ್ಟರು. ಗೆಳತಿ ಅಜ್ಜಿಯನ್ನೂ ಊಟಕ್ಕೆ ಕರೆದಳು; ಊಟ ಮುಗಿಯುವವರೆಗೂ ಅಜ್ಜಿ ಕುಂಕುಮವನ್ನು ಒರೆಸಿಕೊಳ್ಳಲಿಲ್ಲ.

ಆ ಕಾಲೋನಿಯಲ್ಲಿ ಹೊರಗೆ ಬಟ್ಟೆ ಒಣಹಾಕುವಂತಿಲ್ಲ. ಒದ್ದೆ ಸೀರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡೇ ಹೊರಟೆವು. ಸೇತುವೆ ದಾಟಿದ ಮೇಲೆ ಅತ್ತೆ ಕೇಳಿದರು: "ಕಾಲೋನಿ ಗೇಟಿನ ಒಳಗೇ ಇದ್ವಲ್ಲಮ್ಮ. ಅಲೇನೂ ಪುಟ್ಟದು. ಅದು ಸಮುದ್ರವೇ ತಾನೆ? ಲೆಕ್ಕಕ್ಕೆ ಬರುತ್ತಲ್ವಾ?"

"ಸಮುದ್ರವೇ ಅತ್ತೆ, ಹಡಗು ನೋಡಲಿಲ್ವಾ?" ಎಂದೆ. ಅವರಿಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ. ಮನೆಗೆ ಬಂದು ಕಾಫಿ ಕುಡಿಯುವಾಗಲೂ ಲೋಟ ಹಿಡಿದು ಯೋಚಿಸುತ್ತಲೇ ಇದ್ದರು.

ಸಂಜೆ ಸೀರೆಯನ್ನು ಬಾಗಿಲ ಮುಂದಿನ ಕಾರಿಡಾರಿನಲ್ಲಿ ಉದ್ದಕ್ಕೆ ಹರಡಿದೆವು, ಒಂದು ತುದಿ ಅವರು, ಒಂದು ತುದಿ ನಾನು. ಎದುರು ಮನೆಯ ಮಲಯ್ ಆಂಟಿ ತರಕಾರಿ ಚೀಲ ಹಿಡಿದು ಲಿಫ್ಟಿನಿಂದ ಇಳಿದರು. ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲವೆಂದು ಬಲ್ಲವರು. ಬೀಗದ ಕೈ ಹುಡುಕುತ್ತಾ, ಮೂಗೆಳೆದುಕೊಂಡು, ನಮ್ಮ ಕಡೆ ಸರಿಯಾಗಿ ತಿರುಗಿಯೂ ನೋಡದೆ ಹೇಳಿದರು:

"ವಾಹ್, ಕಾರಿಡಾರೆಲ್ಲಾ ಸಮುದ್ರದ ವಾಸನೆ ಲಾ. ಕೊನೆಗೂ ಮೀನು ತಂದ್ರಾ?"