ಈ ಉಗುರು ಯಾರ ಕಡೆಯದು

ಮೊದಲು ಕಂಡದ್ದು ಎಡಗೈ ಹೆಬ್ಬೆರಳಿನಲ್ಲಿ. ಗುಂಡುಸೂಜಿಯಿಂದ ಚುಚ್ಚಿದ ಹಾಗೆ ಉಗುರಿನ ಮೇಲೆ ಸಣ್ಣ ಸಣ್ಣ ಗುಳಿಗಳು. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆ ಅದು. ಪಿಯುಸಿ ಸೇರುವ ಹೊತ್ತಿಗೆ ಗುಳಿಗಳು ಉಳಿದ ಬೆರಳುಗಳಿಗೂ ಬಂದಿದ್ದವು. ಆಮೇಲೆ ಉಗುರಿನ ತುದಿ ಹಳದಿಯಾಗಿ ಮಾಂಸ ಬಿಟ್ಟು ಮೇಲೆದ್ದಿತು, ಅದರಡಿಯಲ್ಲಿ ಸುಣ್ಣದ ಪುಡಿಯಂಥದ್ದು ತುಂಬಿಕೊಂಡಿತು. ತಲೆ ಬಾಚುವಾಗ ಕೂದಲು ಅದಕ್ಕೆ ಸಿಕ್ಕಿ ಎಳೆದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ಮೆಡಿಕಲ್ ಸ್ಟೋರಿನವರು ಫಂಗಸ್ ಎಂದು ಒಂದು ಬಾಟಲಿ ಕೊಟ್ಟರು. ನೇಲ್ ಪಾಲಿಶ್‌ನಂತೆ ಹಚ್ಚಬೇಕು. ತಿಂಗಳುಗಟ್ಟಲೆ ಹಚ್ಚಿದೆ, ಏನೂ ಆಗಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಯ ತಂಡದಲ್ಲಿದ್ದೆ ಆಗ. ಕೈ ತೆರೆದು ಮಾತಾಡಬೇಕು, ಮುಷ್ಟಿ ಕಟ್ಟಿದರೆ ಹೆದರಿದವಳಂತೆ ಕಾಣುತ್ತೀಯ ಎಂದು ಮೇಷ್ಟ್ರು ಗದರುತ್ತಿದ್ದರು. ನಾನು ಮುಷ್ಟಿ ಬಿಚ್ಚುತ್ತಿರಲಿಲ್ಲ. “ಏನ್ ಮಗಾ, ಕೈಯಲ್ಲಿ ಚೀಟಿ ಇಟ್ಕೊಂಡಿದೀಯಾ?” ಎಂದು ಜೊತೆಯವನೊಬ್ಬ ಕೇಳಿದ. ಹೌದು ಅಂದೆ. ಚೀಟಿಯಾದರೆ ಮರ್ಯಾದೆಯಾದರೂ ಇತ್ತು.

ಕೊನೆಗೆ ಅಮ್ಮ ಸಹಕಾರನಗರದ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಆಕೆ ನನ್ನ ಬೆರಳುಗಳನ್ನು ಒಂದೊಂದಾಗಿ ದೀಪದ ಕೆಳಗೆ ಹಿಡಿದು ನೋಡಿದರು.

“ಇದು ಫಂಗಸ್ ಅಲ್ಲಮ್ಮ, ಸೋರಿಯಾಸಿಸ್. ಕೆಲವರಿಗೆ ಉಗುರಲ್ಲೇ ಶುರುವಾಗುತ್ತೆ. ಯಾರಿಗೂ ಅಂಟಲ್ಲ. ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ, ಹತೋಟಿಗೆ ತರಬಹುದು. ಬೆರಳ ಗೆಣ್ಣುಗಳಲ್ಲಿ ನೋವು, ಊತ ಬಂದ್ರೆ ಮಾತ್ರ ತಡ ಮಾಡ್ಬೇಡ, ಬಂದ್ಬಿಡು.” ಅಮ್ಮನ ಕಡೆ ತಿರುಗಿ ಕೇಳಿದರು: “ಮನೇಲಿ ಯಾರಿಗಾದ್ರೂ ಇದೆಯಾ?”

“ಕೇಳಿ ಹೇಳ್ತೀನಿ ಡಾಕ್ಟ್ರೇ” ಎಂದಳು ಅಮ್ಮ.

ನಮ್ಮದು ಕೆಂಪಾಪುರದ ಹಳೇ ಮನೆತನ. ಕೆಳಗಿನ ಮನೆಯಲ್ಲಿ ದೊಡ್ಡಪ್ಪ, ದೊಡ್ಡಮ್ಮ, ಅವರ ಮಗಳು, ನನಗೆ ಅಕ್ಕ. ಮೇಲೆ ನಾವು ಮೂವರು. ಅವರೆಕಾಯಿಯ ಕಾಲದಲ್ಲಿ ಮಾತ್ರ ಎರಡೂ ಮನೆ ಒಂದಾಗುತ್ತಿತ್ತು. ನೆನೆಸಿದ ಕಾಳಿನ ಬೇಸಿನ್ನು ದೊಡ್ಡಮ್ಮನ ಹಜಾರದ ನಡುವೆ, ಸುತ್ತ ಹೆಂಗಸರು. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿತುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಊರಿನ ಸುದ್ದಿಯೆಲ್ಲ ಬಿಚ್ಚಿಕೊಳ್ಳುವುದೂ ಅಲ್ಲೇ. ಆ ವರ್ಷವೂ ಹೋಗಿ ಕೂತು ಬೇಸಿನ್ನಿಗೆ ಕೈ ಹಾಕಿದೆ.

“ಏಯ್, ನೀನ್ ಕೈ ಆಕ್ಬೇಡ ಕಣೇ” ಎಂದರು ದೊಡ್ಡಮ್ಮ. “ಎಲ್ರೂ ಉಣ್ಣೋ ಸಾರು. ಆ ಉಗ್ರು ನೋಡ್ಕೊ ಒಂದ್ಸಲ.”

“ದೊಡ್ಡಮ್ಮ, ಇದು ಅಂಟಲ್ಲ. ಡಾಕ್ಟ್ರೇ ಹೇಳಿದಾರೆ.”

“ಡಾಕ್ಟ್ರು ನಮ್ಮನೇಲಿ ಉಣ್ಣಾಕ್ ಬರ್ತಾರಾ?”

“ಅಂಟೋದಾಗಿದ್ರೆ ನನ್ ಪಕ್ಕದಲ್ಲಿ ಮಲಗೋ ಅಮ್ಮಂಗೆ ಬರ್ಬೇಕಿತ್ತು. ಅಕ್ಕನ ತಲೆಗೆ ವಾರವಾರ ಎಣ್ಣೆ ಹಚ್ಚೋಳು ನಾನು. ಅವಳಿಗ್ಯಾಕೆ ಬಂದಿಲ್ಲ?”

ಅಕ್ಕ ತಲೆ ಮುಟ್ಟಿ ನೋಡಿಕೊಂಡಳು. ದೊಡ್ಡಮ್ಮ ದಾರಿ ಬದಲಿಸಿದರು. “ಅಂಗಾರೆ ನಾಗದೋಷ ಇರ್ಬೇಕು.”

“ನಾಗಪ್ಪಂಗೆ ಉಗುರೇ ಇಲ್ಲ, ನನ್ ಉಗುರಿನ ಮೇಲೆ ಅವನಿಗೇನ್ ಸಿಟ್ಟು?”

ಅಕ್ಕ ಕಿಸಕ್ಕನೆ ನಕ್ಕಳು. ಬಾಗಿಲ ಹತ್ತಿರ ಮೊಬೈಲು ನೋಡುತ್ತ ಕೂತಿದ್ದ ಅಪ್ಪನೂ ನಕ್ಕರು. ಗೆದ್ದೆ ಎಂದೇ ತಿಳಿದೆ. ದೊಡ್ಡಮ್ಮನಿಗೂ ಸೋಲು ಗೊತ್ತಾಗಿತ್ತು, ಅದಕ್ಕೇ ಅವರು ವಾದ ಬಿಟ್ಟು ಸುಮ್ಮನೆ ಕೇಳಿದರು: “ಮತ್ತೆಲ್ಲಿಂದ ಬಂತು, ನೀನೇ ಏಳು.”

“ವಂಶದಲ್ಲಿ ಬರುತ್ತೆ.”

ಎಲ್ಲರ ಕೈಯೂ ನಿಂತಿತು. ವಂಶ ಒಂದು ಕಾರಣ ಅಷ್ಟೇ, ಮನೆಯಲ್ಲಿ ಯಾರಿಗೂ ಇಲ್ಲದೆಯೂ ಬರಬಹುದು. ಮಾತಿನ ಉಳಿದರ್ಧ ನನ್ನ ಬಾಯಲ್ಲೇ ಉಳಿಯಿತು. ಕೇಳುವವರು ಯಾರೂ ಇರಲಿಲ್ಲ.

“ವಂಶದಾಗಾ? ಯಾರ್ ಕಡೆ ವಂಶದಾಗೆ? ನಮ್ಮಲ್ಲಂತೂ ಇಂಗೆ ಯಾರ್ಗೂ ಇಲ್ಲಪ್ಪ.” ದೊಡ್ಡಮ್ಮ ಅಮ್ಮನನ್ನು ನೋಡಿದರು. ಅಮ್ಮ ಚಿಂತಾಮಣಿ ಕಡೆಯವಳು. ಹೊರಗಿನಿಂದ ಬಂದವಳು ಆ ಹಜಾರದಲ್ಲಿ ಅವಳೊಬ್ಬಳೇ ಅಲ್ಲ, ದೊಡ್ಡಮ್ಮನೂ ಸೊಸೆಯಾಗಿಯೇ ಬಂದವರು. ಆದರೂ ಎಲ್ಲರ ಕಣ್ಣು ಹೋದದ್ದು ಅಮ್ಮನ ಕಡೆಗೆ. “ನಮ್ಮ ಉಡುಗೀನ ನೋಡೋಕೆ ಬರೋರು ಕೇಳಿದ್ರೆ ಏನಂತ ಏಳಾನ ಈಗ?”

ಅಮ್ಮ ತಲೆ ತಗ್ಗಿಸಿ ಮತ್ತೆ ಕಾಳು ಹಿತುಕತೊಡಗಿದಳು. ಅಪ್ಪ ಎದ್ದು ಮಹಡಿಗೆ ಹೋದರು.

ಅದಾದ ಮೇಲೆ ಜಗಳವೇನೂ ಆಗಲಿಲ್ಲ. ಆಗಿದ್ದರೆ ಉತ್ತರ ಕೊಡಬಹುದಿತ್ತು. ಮುಂದಿನ ಸಲ ಕಾಳು ನೆನೆಸಿದಾಗ ದೊಡ್ಡಮ್ಮ ಮೇಲಕ್ಕೆ ಕೂಗಲಿಲ್ಲ, ಸಂಜೆ ಒಂದು ಡಬ್ಬಿಯಲ್ಲಿ ಸಾರು ಕಳಿಸಿದರು. ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ, ಇಂಥ ಪ್ರತಿ ಸಲವೂ ಕೇಸರಿಬಾತು ಮಾಡುತ್ತಿದ್ದ ಅಮ್ಮನಿಗೆ ದೊಡ್ಡಮ್ಮ ಮೆಟ್ಟಿಲ ಬುಡದಿಂದಲೇ ಹೇಳಿದರು: “ನೀನ್ ಮೇಲೇ ಇರು ಕಣಮ್ಮ, ಮಗೀಗೆ ಓದಿಸ್ಬೇಕಲ್ವಾ.” ಅಮ್ಮ ಉಟ್ಟಿದ್ದ ರೇಷ್ಮೆ ಸೀರೆ ಬಿಚ್ಚಿ ಮಡಿಸಿದಳು. ನನಗೆ ಓದಿಸುವವರು ಯಾವತ್ತೂ ಬೇಕಿರಲಿಲ್ಲ.

ಮುಲಾಮಿನಿಂದ ಹೆಚ್ಚು ಗುಣ ಕಾಣದಿದ್ದಾಗ ಡಾಕ್ಟರು ಉಗುರಿನ ಬುಡಕ್ಕೆ ಇಂಜೆಕ್ಷನ್ ಕೊಡೋಣ ಎಂದರು. ಆ ದಿನ ಅಪ್ಪನೂ ಬಂದರು.

“ಅವತ್ತು ಕೇಳಿ ಹೇಳ್ತೀನಿ ಅಂದಿದ್ರಿ. ಯಾರಿಗಾದ್ರೂ ಇದೆಯಂತಾ?” ಎಂದರು ಡಾಕ್ಟರು.

“ನಮ್ ಕಡೆ ಯಾರಿಗೂ ಇಲ್ಲ” ಎಂದರು ಅಪ್ಪ.

ಅಮ್ಮ ಹೇಳಿದಳು: “ನಮ್ ಕಡೆ ಇತ್ತು ಡಾಕ್ಟ್ರೇ. ನಮ್ ಚಿಕ್ಕಪ್ಪಂಗೆ.”

ಡಾಕ್ಟರು ಬರೆದುಕೊಂಡರು. ಅಮ್ಮನಿಗೆ ಚಿಕ್ಕಪ್ಪನೇ ಇಲ್ಲ. ಅವಳ ಅಪ್ಪ, ನನ್ನ ತಾತ, ಒಬ್ಬನೇ ಮಗ. ಎದುರಿನವರ ಮಾತಿನಲ್ಲಿ ಇಂಥ ಬಿರುಕು ಸಿಕ್ಕರೆ ನಾನು ಬಿಡುವವಳಲ್ಲ. ಅವತ್ತು ಬಿಟ್ಟೆ.

ಬೆರಳಿಗೆ ಐಸ್ ಇಟ್ಟು ಮರಗಟ್ಟಿಸಿದರೂ ಸೂಜಿ ಇಳಿದಾಗ ಕಿರುಚಿದೆ. ಅಲುಗದಂತೆ ಅಪ್ಪ ನನ್ನ ಮುಂಗೈಯನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲೆ ಬಾಗಿದರು. ನಾನು ಜಗ್ಗಿದ ರಭಸಕ್ಕೆ ಅವರ ಅಂಗಿಯ ತೋಳು ಮೇಲೆ ಸರಿಯಿತು. ಮೊಣಕೈ ಮೇಲೆ ಅಂಗೈಯಗಲ ಕೆಂಪು, ಅದರ ಮೇಲೆ ಬೆಳ್ಳನೆಯ ಹೊಟ್ಟು. ಅಪ್ಪ ಬೇಸಿಗೆಯಲ್ಲೂ, ಮನೆಯೊಳಗೂ ತುಂಬುತೋಳಿನ ಅಂಗಿಯನ್ನೇ ಹಾಕುತ್ತಿದ್ದರು. ಅದು ಅವರ ಶಿಸ್ತು ಎಂದುಕೊಂಡಿದ್ದೆ. ನಾನು ನೋಡಿದ್ದನ್ನು ಅವರೂ ನೋಡಿದರು. ತೋಳು ಸರಿಮಾಡಿಕೊಳ್ಳಲು ನನ್ನ ಕೈ ಬಿಡಬೇಕಿತ್ತು. ಬಿಡಲಿಲ್ಲ. ಅಷ್ಟನ್ನು ನಾನು ಒಪ್ಪುತ್ತೇನೆ.

ಮನೆಗೆ ಬಂದ ಮೇಲೆ ಅಮ್ಮನನ್ನು ಅಡುಗೆಮನೆಯಲ್ಲಿ ಹಿಡಿದೆ.

“ನಿಂಗೆ ಗೊತ್ತಿತ್ತಾ?”

“ಮದ್ವೆಯಾದ ವಾರಕ್ಕೇ ಗೊತ್ತು. ಎಣ್ಣೆ ಹಚ್ತಿದ್ದೋಳೇ ನಾನು.”

“ಮತ್ಯಾಕೆ ಹೇಳಲ್ಲ? ಹೇಳಿದ್ರೆ ಅಪ್ಪಂಗೇನಾಗುತ್ತೆ? ಅವರ ಮನೆ, ಅವರ ಅಣ್ಣ. ಯಾರ್ ಏನಂತಾರೆ?”

“ಏನೂ ಅನ್ನಲ್ಲ ಕಣೇ. ಅಯ್ಯೋ ಪಾಪ ಅಂತಾರೆ, ಸುಮ್ನಾಗ್ತಾರೆ.” ಅಮ್ಮ ಒಲೆ ಸಣ್ಣ ಮಾಡಿದಳು. “ಅದು ನಂಗೂ ಗೊತ್ತು. ಅಷ್ಟು ಸುಲಭದ್ದನ್ನೂ ಅವರು ನಂಗೋಸ್ಕರ ಹೇಳ್ಲಿಲ್ಲ ಅನ್ನೋದನ್ನ ಕಣ್ಣಾರೆ ನೋಡೋ ಶಕ್ತಿ ನಂಗಿಲ್ಲ. ಈಗಾದ್ರೆ, ಅವರನ್ನ ಕಾಪಾಡ್ತಿದೀನಿ ಅಂದ್ಕೊಂಡಾದ್ರೂ ಇರ್ತೀನಿ.”

ಇದಕ್ಕೆ ಪ್ರತಿವಾದ ಇದೆ. ಇಷ್ಟು ವರ್ಷದಲ್ಲಿ ಹತ್ತಾರು ಕಟ್ಟಿದ್ದೇನೆ, ಎಲ್ಲವೂ ಗಟ್ಟಿಯಾಗಿವೆ. ಒಂದನ್ನೂ ಅವಳ ಮುಂದೆ ಇಡಲಾಗಿಲ್ಲ.

ಉಗುರು ಬೆಳೆಯುವುದು ಬಹಳ ನಿಧಾನ. ಬುಡದಿಂದ ಹೊಸದು ಬಂದು ಹಳೆಯದನ್ನು ತಳ್ಳುವವರೆಗೆ ಕಾಯಬೇಕು. ಇಂಜೆಕ್ಷನ್, ಮುಲಾಮು, ಪಾತ್ರೆ ತೊಳೆಯುವಾಗ ಕೈಗವಸು; ಡಿಗ್ರಿ ಮುಗಿಯುವ ಹೊತ್ತಿಗೆ ಎರಡು ಹೆಬ್ಬೆರಳು ಬಿಟ್ಟು ಉಳಿದವು ನುಣ್ಣಗಾದವು. ಅಕ್ಕನ ಮದುವೆಯಾಯಿತು. ಅಲ್ಲಿ ಅಮ್ಮ ನೆಂಟಳಂತೆ ಹೋಗಿ, ನೆಂಟಳಂತೆ ಊಟ ಮಾಡಿ ಬಂದಳು.

ಇತ್ತೀಚೆಗೆ ಅಪ್ಪನಿಗೆ ಬೆಳಗಿನ ಹೊತ್ತು ಅಂಗಿಯ ಗುಂಡಿ ಹಾಕಲಾಗುವುದಿಲ್ಲ. ಬೆರಳ ಗೆಣ್ಣುಗಳು ಊದಿವೆ. ವಯಸ್ಸಾಯ್ತು ಎನ್ನುತ್ತಾರೆ. ಮೊನ್ನೆ ಊಟಕ್ಕೆ ಕೂತಾಗ ಮುದ್ದೆ ಮುರಿಯಲು ಅವರು ಪಡುತ್ತಿದ್ದ ಪಾಡು ನೋಡಲಾಗಲಿಲ್ಲ.

“ಅಪ್ಪ, ಶನಿವಾರ ನಾನು ಡಾಕ್ಟ್ರ ಹತ್ರ ಹೋಗ್ತಿದೀನಿ. ನೀವೂ ಬನ್ನಿ, ಒಂದ್ಸಲ ತೋರಿಸ್ಕೊಳ್ಳಿ. ತಡ ಮಾಡಿದ್ರೆ ಬೆರಳು ಸೊಟ್ಟಗಾಗುತ್ತೆ.”

ಅವರು ತಟ್ಟೆಯಿಂದ ತಲೆಯೆತ್ತಲಿಲ್ಲ. “ನಂಗೇನಾಗಿದೆ?”

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಸಾರಿನ ಪಾತ್ರೆ ಹಿಡಿದು ನನ್ನ ಪಕ್ಕ ಬಂದು ನಿಂತಳು.

“ಅವರಿಗೇನಾಗಿದೆಯೇ? ತಣ್ಣಗಾಗ್ತಿದೆ, ಊಟ ಮಾಡು” ಎಂದಳು. ಗದರಿಕೆ ಇರಲಿಲ್ಲ, ಬೇಡಿಕೊಂಡಂತಿತ್ತು.

ಅಪ್ಪ ಉಪ್ಪು ಕೇಳಿದರು. ನಾನೇ ಎತ್ತಿ ಕೊಟ್ಟೆ.