ಕಿವುಡಿಯ ಮನೆಗೂ ರೇಡಿಯೋ ಪಟ್ಟಿ

ನಾನು ಮದುವೆಯಾಗಿ ಅಫಜಲಪುರದ ಕಡೆಯ ಹಳ್ಳಿಗೆ ಬಂದ ವರ್ಷವೇ ಆ ಊರಿಗೆ ರೇಡಿಯೋ ಬಂತು. ಆಗ ನನಗೆ ಹದಿನೇಳು. ನಮ್ಮ ಮಾವ ಊರಿಗೆ ಗೌಡರು. ನಿಜಾಮ ಸರಕಾರದವರು ಪೆಟ್ಟಿಗೆಯನ್ನೇನೋ ಪುಕ್ಕಟೆ ಕೊಟ್ಟರು. ಅದರ ಬ್ಯಾಟರಿಯನ್ನು ಆಗಾಗ ಕಲಬುರಗಿಗೆ ಒಯ್ದು ಚಾರ್ಜು ಮಾಡಿಸುವ ಖರ್ಚು ಮಾತ್ರ ಊರಿನವರದೇ ಎಂದರು. ಮಾವ ಪಟ್ಟಿ ಹಾಕಿದರು: ಮನೆಗೆ ತಿಂಗಳಿಗೆ ಎರಡು ಸೇರು ಜೋಳ.

ಪೆಟ್ಟಿಗೆ ಚಾವಡಿಯಲ್ಲಿ ಇರಬೇಕಾಗಿತ್ತು. ಅದು ನಮ್ಮ ಪಡಸಾಲೆಯಲ್ಲಿ ಕೂತಿತು. ಮಾವನ ಬಳಗದವರು ಜಮಖಾನದ ಮೇಲೆ ಕೂತು ಕೇಳುತ್ತಿದ್ದರು. ಕೇರಿಯವರು ಜೋಳ ಕೊಟ್ಟೂ ಅಂಗಳದ ಗೋಡೆಯಾಚೆ ನಿಲ್ಲುತ್ತಿದ್ದರು. ಹೆಂಗಸರು ನಾವು ಅಡುಗೆಮನೆಯ ಬಾಗಿಲಲ್ಲಿ.

ಉರ್ದು ಶಾಲೆಯ ಮಾಸ್ತರರೊಬ್ಬರೇ ಇದನ್ನು ಎತ್ತಿ ಆಡಿದವರು. "ಗೌಡರ, ಎಲ್ಲಾರ ಕಡಿಂದ ತಗೊಳ್ಳೋದಿದ್ರ ಪೆಟಗಿ ಚಾವಡ್ಯಾಗ ಇಡ್ರಿ, ಎಲ್ಲಾರೂ ಕೇಳ್ಲಿ. ಇಲ್ಲಾಂದ್ರ ಕೇಳೋರಷ್ಟೇ ಕೊಡ್ಲಿ."

"ಮಾಸ್ತರ್ ಸಾಬ್, ಇದು ಸರಕಾರದ ಬಾಯಿ," ಎಂದರು ಮಾವ. "ಕೇಳಲಿ ಬಿಡಲಿ, ಬಾಯಿಗಿ ಎಲ್ಲಾರೂ ಉಣಸಬೇಕು."

ಊರ ಹೊರಗಿನ ಗುಡಿಸಲಲ್ಲಿ ಒಬ್ಬ ವಿಧವೆಯಿದ್ದಳು. ತೊಗರಿ ಒಡೆಯಲು ನಮ್ಮ ಮನೆಗೆ ಬರುತ್ತಿದ್ದಳು. ಯಾವುದೋ ಜ್ವರದಲ್ಲಿ ಎರಡೂ ಕಿವಿ ಹೋಗಿದ್ದವು. ಕೈಸನ್ನೆಯಲ್ಲೇ ಎಲ್ಲ ಹೇಳುತ್ತಿದ್ದಳು. ಅತ್ತೆಯ ನಡಿಗೆಯನ್ನು ಆಕೆ ತೋರಿಸಿದರೆ ನಾನು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದೆ. ಹೊಸ ಊರಿನಲ್ಲಿ ನನ್ನನ್ನು ನಗಿಸಿದವಳು ಆಕೆಯೊಬ್ಬಳೇ. ಒಂದು ಸಲ ಹೊಳೆಯ ದಾರಿಯಲ್ಲಿ ಹಗ್ಗ ಹರಿದುಕೊಂಡ ಹೋರಿ ಆಕೆಯ ಹಿಂದೆಯೇ ಬಂತು. ನಾನು ಎಷ್ಟು ಕಿರುಚಿದರೂ ತಿರುಗಲಿಲ್ಲ. ರಟ್ಟೆ ಹಿಡಿದು ಎಳೆಯಬೇಕಾಯಿತು.

ಆಕೆ ಪಟ್ಟಿ ಕೊಡಲಿಲ್ಲ. ಕೇಳಲು ಹೋದ ತಳವಾರನಿಗೆ ಕಿವಿ ಮುಟ್ಟಿ ತೋರಿಸಿ ಕೈಯಾಡಿಸಿದಳು. ಊರಿನವರಿಗೆ ಅದು ತಮಾಷೆಯಾಯಿತು. "ನಮಗೂ ಕೇಳಂಗಿಲ್ರೀಪಾ" ಎಂದು ಇನ್ನಿಬ್ಬರು ಕಿವಿ ಮುಟ್ಟಿಕೊಂಡರು. ಮಾವನಿಗೆ ರೇಗಿತು.

ಮರುದಿನ ಹಗಲಿನಲ್ಲೇ ಆಕೆಯನ್ನು ನಮ್ಮ ಅಂಗಳಕ್ಕೆ ಕರೆಸಿದರು. ಅರ್ಧ ಊರು ಸೇರಿತ್ತು. ಮಾವ ಒಳಗೆ ತಿರುಗಿ ನನ್ನನ್ನು ಕೇಳಿದರು, "ನಿನ್ನ ಜೋಡಿನೇ ಇರ್ತಾಳಲ್ಲವಾ. ಈಕಿ ಖರೇನೇ ಕಿವುಡಿ ಏನು?"

ಮದುವೆಯಾದ ಮೇಲೆ ಮಾವ ನನ್ನನ್ನು ನೇರವಾಗಿ ಮಾತಾಡಿಸಿದ್ದು ಅದೇ ಮೊದಲು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. "ನನಗ ಗೊತ್ತಿಲ್ರಿ," ಎಂದೆ.

ಆಕೆಯ ಬೆನ್ನ ಹಿಂದೆ ತಳವಾರ ಹಿತ್ತಾಳೆಯ ಪರಾತ ಬಡಿದ. ಆಕೆ ಕದಲಲಿಲ್ಲ. ಇನ್ನೂ ಜೋರಾಗಿ ಬಡಿಯಲು ಕೈ ಮೇಲೆತ್ತಿದ. ಅವನ ನೆರಳು ಆಕೆಯ ಮುಂದೆ ನೆಲದ ಮೇಲೆ ಬಿತ್ತು. ಹೊಡೆಯಲು ಬಂದರೆಂದು ಆಕೆ ಥಟ್ಟನೆ ತಿರುಗಿದಳು.

"ಕೇಳ್ತು ನೋಡ್ರಿ! ಕೇಳ್ತು!" ಅಂಗಳವೆಲ್ಲ ನಕ್ಕಿತು. ಆಕೆಯ ತಲೆ ಹಿಡಿದು, ಅಂಗಳಕ್ಕೆ ತಂದಿಟ್ಟ ರೇಡಿಯೋಕ್ಕೆ ಒತ್ತಿ, ದನಿ ಪೂರ್ತಿ ಏರಿಸಿದರು. ಆಕೆ ಕಣ್ಣು ಪಿಳುಕಿಸುತ್ತ ಎಲ್ಲರ ಮುಖ ನೋಡಿದಳು. ಎಲ್ಲರೂ ನಗುವುದು ಕಂಡು ತಾನೂ ನಕ್ಕಳು. ಪಟ್ಟಿಯ ಬದಲಿಗೆ ಆಕೆಯ ತಾಮ್ರದ ಕೊಡವನ್ನು ಎತ್ತಿ ತಂದರು. ನೆರಳನ್ನು ನಾನು ಬಾಗಿಲಿನಿಂದ ಸ್ಪಷ್ಟವಾಗಿ ನೋಡಿದ್ದೆ. ಬಾಯಿ ಬಿಡಲಿಲ್ಲ. ನಾನೂ ನಕ್ಕೆನೇನೋ, ನಕ್ಕಿರಬೇಕು.

ಮುಂದಿನ ವರ್ಷ ನಿಜಾಮನ ಕಡೆಯ ಬಂದೂಕಿನ ಜನ ಊರೂರು ಸುಡತೊಡಗಿದರು. ಭೀಮಾ ಹೊಳೆಯ ಗುಂಟ ಹೊಗೆ ಏಳುತ್ತಿದ್ದಾಗ ನಮ್ಮ ರೇಡಿಯೋ ರಾಜ್ಯದಲ್ಲೆಲ್ಲ ಶಾಂತಿಯಿದೆ ಎಂದು ಉರ್ದುವಿನಲ್ಲಿ ಹೇಳುತ್ತಿತ್ತು. ಮಾಸ್ತರರು ಅದನ್ನು ಕನ್ನಡದಲ್ಲಿ ತಿಳಿಸಿ, ತಲೆ ತಗ್ಗಿಸಿ ಎದ್ದು ಹೋಗುತ್ತಿದ್ದರು. ಜೋಳದ ಪಟ್ಟಿ ಮಾತ್ರ ಒಂದು ತಿಂಗಳೂ ತಪ್ಪಲಿಲ್ಲ.

ಒಂದು ಮಧ್ಯಾಹ್ನ ಬಂದೂಕಿನವರು ನಮ್ಮ ಊರಿನತ್ತಲೇ ಬರುತ್ತಿದ್ದಾರೆಂದು ಸುದ್ದಿ ಬಂತು. ತಳವಾರ ಓಣಿ ಓಣಿಗೆ ಹಲಗೆ ಬಾರಿಸಿದ. ಜನ ಸಿಕ್ಕಿದ್ದು ಹಿಡಿದು ಸೊಲ್ಲಾಪುರದ ಗಡಿಯ ಕಡೆ ಹೊರಟರು. ನಮ್ಮ ಗಾಡಿಯಲ್ಲಿ ಕಂಬಳಿ ಸುತ್ತಿದ ರೇಡಿಯೋವನ್ನು ಮೊದಲು ಇಟ್ಟರು, ಆಮೇಲೆ ಹೆಂಗಸರು ಹತ್ತಿದೆವು.

ನಾನು ಅತ್ತೆಗೆ ಹೇಳಿದೆ, "ಅತ್ತಿ, ಆಕಿಗಿ ಹಲಗಿ ಕೇಳಂಗಿಲ್ರಿ. ಯಾರನ್ನರೆ ಕಳಸ್ರಿ."

ಮುಂದೆ ಕೂತಿದ್ದ ಮಾವ ತಿರುಗಿದರು. "ಅವತ್ತು ಗೊತ್ತಿಲ್ಲ ಅಂದಿದ್ದಿ?"

ಗಾಡಿ ನಡೆಯಿತು. ಇಳಿದು ಓಡಬಹುದಿತ್ತು, ಆಕೆಯ ಗುಡಿಸಲು ಕೂಗಳತೆಯಲ್ಲೇ ಇತ್ತು. ಇಳಿಯಲಿಲ್ಲ.

ಸಂಸ್ಥಾನ ಬಿದ್ದ ಮೇಲೆ ನಾವು ಮರಳಿದೆವು. ಊರು ಬಿಡದೆ ಉಳಿದಿದ್ದ ಮಾಸ್ತರರು ನಡೆದದ್ದನ್ನು ಹೇಳಿದರು. ಬಂದವರು ಆಕೆಯನ್ನು ಹಿಡಿದು ಗೌಡರ ನೆಲದಡಿಯ ಹಗೇವು ಎಲ್ಲಿ, ಕಾಳು ಎಲ್ಲಿ ಮುಚ್ಚಿಟ್ಟಿದ್ದಾರೆ ಎಂದು ಕೇಳಿದರಂತೆ. ಆಕೆ ಕಿವಿ ಮುಟ್ಟಿ ತೋರಿಸಿದಳು. ನಾಟಕ ಮಾಡುತ್ತಾಳೆಂದು ಬಂದೂಕಿನ ಹಿಡಿಯಿಂದ ಮುಖಕ್ಕೆ ಜಜ್ಜಿದರು. ಒಂದು ಕಣ್ಣು ಹೋಯಿತು. ಮಾಸ್ತರರೇ ಆಕೆಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಜೇವರ್ಗಿಯ ಕಡೆಗಿದ್ದ ಆಕೆಯ ತಂಗಿಯ ಮನೆಗೆ ಮುಟ್ಟಿಸಿ ಬಂದಿದ್ದರು.

ರೇಡಿಯೋ ಮತ್ತೆ ಪಡಸಾಲೆಗೆ ಬಂತು. ಹೊಸ ಸರಕಾರದ ಸಾಹೇಬರು ಬಂದು ಬ್ಯಾಟರಿಯ ಖರ್ಚು ಯಾರದು ಎಂದು ವಿಚಾರಿಸಿದಾಗ ಮಾವ ಕೈಮುಗಿದು, "ಊರವರೇ ಖುಷಿಲಿಂದ ಕೊಡ್ತಾರ್ರಿ," ಎಂದರು. ಸಾಹೇಬರು ಮೆಚ್ಚಿದರು. ಮಾಸ್ತರರನ್ನು ಅಷ್ಟರಲ್ಲಿ ಬೇರೆ ಊರಿಗೆ ಕಳಿಸಿಯಾಗಿತ್ತು.

ತವರಿಗೆ ಹೋಗುವ ನೆಪದಲ್ಲಿ ನಾನೊಮ್ಮೆ ಆಕೆಯನ್ನು ಹುಡುಕಿಕೊಂಡು ಹೋದೆ. ಮುಖದ ಮೇಲೆ ಬಾಗಿಲು ಹಾಕುತ್ತಾಳೆಂದುಕೊಂಡಿದ್ದೆ. ಆಕೆ ನನ್ನನ್ನು ಕಂಡವಳೇ ಎದ್ದು ಬಂದು ಎರಡೂ ಕೆನ್ನೆ ಸವರಿದಳು. ಎಷ್ಟು ಸೊರಗಿದ್ದೀಯೆಂದು ಕೈಯಲ್ಲೇ ಬೈದಳು. ಆಗ ಹೊಳೆಯಿತು: ಅಂಗಳದಲ್ಲಿ ನಾನು ಏನು ಹೇಳಿದೆನೆಂದು ಆಕೆಗೆ ಕೇಳಿಸಿಯೇ ಇರಲಿಲ್ಲ.

"ಆ ಊರಾಗ ನೀವೊಬ್ರೇ ಈಕಿ ಕಡಿಗಿದ್ದವ್ರು ಅಂತ ಭಾಳ ಸಲ ತೋರ್ಸ್ಯಾಳ್ರಿ," ಎಂದಳು ತಂಗಿ.

ಅಕ್ಕ ಬಿಸಿ ರೊಟ್ಟಿ ಬಡಿದು ಹಾಕಿದಳು. ತಂಗಿಗೆ ಕಿವಿ ನೆಟ್ಟಗಿದ್ದವು, ಅವಳಿಗಾದರೂ ನಿಜ ಹೇಳಬಹುದಾಗಿತ್ತು. ನಾನು ಎರಡು ರೊಟ್ಟಿ ಉಂಡೆ, ಕೈ ತೊಳೆದೆ, ಗಾಡಿ ಹೊರಡುತ್ತದೆಂದು ಹೇಳಿ ಎದ್ದು ಬಂದೆ.