ಅಂಗಾರೆ ಮಲ್ಲಪ್ಪನ ಹರಕೆ ಹಸು

ತೆರಕಣಾಂಬಿಗೆ ಬಂದು ಚಿಕ್ಕಮಲ್ಲಪ್ಪನ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಅಂಗಾರೆ ಮಲ್ಲಪ್ಪ ಎಂದರೆ ಬಾಗಿಲವರೆಗೂ ಬಂದು ಬಿಟ್ಟುಹೋಗುತ್ತಿದ್ದರು. ಯಾರು ಏನೇ ಹೇಳಲಿ, ಕೊನೆಯವರೆಗೂ ಕಣ್ಣು ಕಿರಿದು ಮಾಡಿಕೊಂಡು ಕೇಳಿ, ಆಮೇಲೆ "ಅಂಗಾರೆ?" ಎನ್ನುವುದು, ಎಂದರೆ ಹಾಗಾದರೆ ಎಂದು ಕೇಳುವುದು, ಆತನ ಪದ್ಧತಿ. ಸ್ವಾತಂತ್ರ್ಯ ಬಂತು ಎಂದು ಮೇಷ್ಟ್ರು ಊರಿಗೆಲ್ಲ ಸಕ್ಕರೆ ಹಂಚಿದಾಗ, ಅಂಗಾರೆ ಕಂದಾಯ ಕಟ್ಟಂಗಿಲ್ವಾ ಎಂದು ಕೇಳಿದ. ಮಹಾರಾಜರ ಆಳ್ವಿಕೆ ಮುಗಿಯಿತು ಎಂದಾಗ, ಅಂಗಾರೆ ದಸರಾಕ್ಕೆ ಆನೆ ಮೇಲೆ ಕೂರೋರು ಯಾರು ಎಂದ. ಮೇಷ್ಟ್ರು ಆಮೇಲೆ ಆತನನ್ನು ಕಂಡರೆ ಬೀದಿ ಬದಲಿಸುತ್ತಿದ್ದರು.

ನಾನು ಆತನ ಪಕ್ಕದ ಮನೆಯವನು. ನನ್ನನ್ನು ಕೇಳಿದರೆ ಆತ ದಡ್ಡನಲ್ಲ. ಎರಡು ಮಾತು ಒಂದಕ್ಕೊಂದು ಹೊಂದದೆ ಹೋದರೆ ಆತನಿಗೆ ಅನ್ನ ಸೇರುತ್ತಿರಲಿಲ್ಲ, ಅಷ್ಟೆ. ನಮಗೆಲ್ಲ ಸೇರುತ್ತದೆ.

ಆತನಿಗೆ ಹೊಲಕ್ಕಿಂತ ದನ ಹೆಚ್ಚು. ಸುಗ್ಗಿ ಮುಗಿದು ಹುಲ್ಲು ತೀರುತ್ತಿದ್ದಂತೆ, ಊರಿನ ಎಲ್ಲ ದನದವರ ಹಾಗೆ ಆತನೂ ಮಂದೆಯನ್ನು ಗೋಪಾಲಸ್ವಾಮಿ ಬೆಟ್ಟದ ತಪ್ಪಲಿಗೆ ಅಟ್ಟುತ್ತಿದ್ದ. ಮೊದಲ ಮಳೆ ಬೀಳುವವರೆಗೆ ದನಗಳಿಗೂ ಆತನಿಗೂ ಕಾಡೇ ಮನೆ. ಆ ಕಾಡನ್ನು ಮಹಾರಾಜರು ಶಿಕಾರಿಗೆಂದು ಕಾದಿಟ್ಟಿದ್ದರಂತೆ. ಆಮೇಲೆ ಅದನ್ನು ಮೃಗಗಳಿಗೇ ಮೀಸಲು ಮಾಡಿ, ಬೆಟ್ಟದ ದೇವರ ಹೆಸರಿನಲ್ಲೇ ವೇಣುಗೋಪಾಲ ಪಾರ್ಕು ಎಂದು ಕರೆದರು. ಒಳಗೆ ದನ ಬಿಡಬಾರದು ಎಂದು ಕಾನೂನಿತ್ತು. ಕಾನೂನು ಗುಂಡ್ಲುಪೇಟೆಯಲ್ಲಿರುತ್ತಿತ್ತು, ದನ ಕಾಡಿನಲ್ಲಿರುತ್ತಿದ್ದವು.

ಈಗ ಹರಕೆಯ ವಿಷಯ. ಆತನ ಒಬ್ಬಳೇ ಮಗಳು ಶಿವರುದ್ರಮ್ಮ ಚಿಕ್ಕವಳಿದ್ದಾಗ ವಿಷಮಶೀತ ಜ್ವರ ಬಂದು ಕೈಬಿಟ್ಟಂತಾಗಿತ್ತು. ತಾಯಿ ದೊಡ್ಡಮಲ್ಲಮ್ಮ ಕೊಟ್ಟಿಗೆಗೆ ಓಡಿ, ಆಗ ತಾನೇ ಹುಟ್ಟಿದ್ದ ಹೆಣ್ಣುಗರುವಿನ ಕೊರಳಿಗೆ ಅರಿಸಿನದ ದಾರ ಕಟ್ಟಿ, ಬೆಟ್ಟದ ಕಡೆ ತಿರುಗಿ ಕೈ ಮುಗಿದಳು. ಲಿಂಗ ಕಟ್ಟಿದವರ ಮನೆಯಲ್ಲಿ ಗೋಪಾಲಸ್ವಾಮಿಗೆ ಹರಕೆಯೇ ಎಂದು ಹುಬ್ಬೇರಿಸಬೇಡಿ. ಮನೆಗೆ ಶಿವ, ಮಂದೆಗೆ ಗೋಪಾಲ. ಅವರಿಬ್ಬರಿಗೆ ಇಲ್ಲದ ಜಗಳ ನಮಗೇಕೆ? ಮಗು ಉಳಿದರೆ ಈ ಕರುವನ್ನು ಅವನ ಕಾಡಿಗೆ ಬಿಡುವುದಾಗಿ ಅವಳು ಹೇಳಿಕೊಂಡಳು. ಮಗು ಉಳಿಯಿತು. ಕರು ಬೆಳೆದು ಕೆಂದಿ ಎಂಬ ಹಸುವಾಯಿತು, ಕೊಡ ತುಂಬ ಹಾಲು ಕರೆಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಈ ವರ್ಷ ಆಗಲಿ, ಮುಂದಿನ ವರ್ಷ ಆಗಲಿ ಎಂದು ಹರಕೆ ಮುಂದೆ ಹೋಯಿತು.

ಶಿವರುದ್ರಮ್ಮನನ್ನು ಉಮ್ಮತ್ತೂರಿಗೆ ಕೊಟ್ಟರು. ಅವಳ ಮೊದಲ ಮಗು ಹುಟ್ಟುವಾಗಲೇ ಉಸಿರಾಡಲಿಲ್ಲ. ದೊಡ್ಡಮಲ್ಲಮ್ಮ ಆ ದಿನವೇ ಕೆಂದಿಯ ಮುಖ ನೋಡಿ ಕುಸಿದು ಕೂತಳು. ದೇವರು ತನ್ನ ಪಾಲನ್ನು ತಾನೇ ತೆಗೆದುಕೊಂಡ ಎಂಬುದು ಅವಳ ನಂಬಿಕೆ. ಎರಡು ವರ್ಷ ಕಳೆದು ಮಗಳು ಮತ್ತೆ ಬಸುರಿಯಾಗಿ ತವರಿಗೆ ಬಂದಾಗ ಅವಳು ಗಂಡನಿಗೆ ಒಂದೇ ಮಾತು ಹೇಳಿದಳು. ಹೆರಿಗೆಗೆ ಮೊದಲು ಕೆಂದಿ ಗೋಪಾಲನ ಕಾಡು ಸೇರಬೇಕು. ಇಲ್ಲದಿದ್ದರೆ ಈ ಮಗುವೂ ದಕ್ಕುವುದಿಲ್ಲ.

ಚಿಕ್ಕಮಲ್ಲಪ್ಪ ಕೆಂದಿಯ ಕೊಂಬಿಗೆ ಎಣ್ಣೆ ಹಚ್ಚಿ, ಹಣೆಗೆ ವಿಭೂತಿ ಬಳಿದು, ಗುಂಡ್ಲುಪೇಟೆ ದಾರಿಯಲ್ಲಿ ಹೊಡೆದುಕೊಂಡು ಹೋದ. ಮುಂದಿನದನ್ನು ಆತ ನನಗೆ ಎಷ್ಟೋ ಸಲ ಹೇಳಿದ್ದಾನೆ, ಪ್ರತಿ ಸಲವೂ ಒಂದಿಷ್ಟು ಬೇರೆ ಥರ. ಎಲ್ಲ ಸಲವೂ ಒಂದೇ ಆಗಿದ್ದುದನ್ನು ಮಾತ್ರ ಬರೆಯುತ್ತೇನೆ.

ಬೆಟ್ಟದ ತಪ್ಪಲಿನಲ್ಲಿ ಕಾಡಿನ ಗಾರ್ಡ್ ಪೀರ್ ಪಾಷಾ ಆತನನ್ನು ತಡೆದ. ಗುಂಡ್ಲುಪೇಟೆಯ ಸಾಬರ ಬೀದಿಯವನು, ಹಳೆಯ ಪರಿಚಯ. ಬೇಸಿಗೆಯಲ್ಲಿ ದನ ಕಂಡರೂ ಕಾಣದವನಂತೆ ಬೀಡಿ ಹಚ್ಚುತ್ತಿದ್ದ ಮನುಷ್ಯ. ಆದರೆ ಈ ವರ್ಷ ಮೇಲಿನಿಂದ ಬಿಗಿ ಆಜ್ಞೆ ಬಂದಿದೆ, ಒಂದು ಬಾಲವೂ ಒಳಗೆ ಹೋಗಕೂಡದು ಎಂದ. ಚಿಕ್ಕಮಲ್ಲಪ್ಪ ಹರಕೆಯ ಕಥೆ ಹೇಳಿದ. ಪಾಷಾ ಮರುಗಿದ, ಮರುಗಿ ಆಗುವುದಿಲ್ಲ ಎಂದ. ಇದು ಪಾರ್ಕು ಎಂದ. ಚಿಕ್ಕಮಲ್ಲಪ್ಪ ಮೈಸೂರಿನಲ್ಲಿ ಪಾರ್ಕು ನೋಡಿದ್ದ. ಹೂವಿನ ಗಿಡ ಎಲ್ಲಿ, ಕೂರಲು ಬೆಂಚು ಎಲ್ಲಿ ಎಂದು ಸುತ್ತ ನೋಡಿದ. ಇದು ಹೂವಿನದಲ್ಲ, ಪ್ರಾಣಿಗಳದು ಎಂದ ಪಾಷಾ. ಅಂಗಾರೆ ಕೆಂದಿ ಏನು ಗಿಡವೇ ಎಂದ ಈತ. ಕಾಡು ಪ್ರಾಣಿಗಳದು ಎಂದ ಅವನು. ಹುಲಿಗೂ ಜಾಗ ಉಂಟೋ ಎಂದು ಈತ ಕೇಳಿದ. ಉಂಟು, ಅದನ್ನು ಯಾರೂ ಮುಟ್ಟುವಂತಿಲ್ಲ ಎಂದು ಅವನು ಹೇಳಿದ.

ಚಿಕ್ಕಮಲ್ಲಪ್ಪ ಹಗ್ಗ ಹಿಡಿದು ನಿಂತೇ ಇದ್ದ. ಆಮೇಲೆ ಕೇಳಿದ: "ಸಾಬ್ರೆ, ಗೋಪಾಲನ ಪಾರ್ಕಲ್ಲಿ ಉಲಿ ಇರ್ಬೌದು, ಅಸ ಇರ್ಬಾರ್ದು. ಅಂಗಾರೆ ಗೋಪಾಲ ಕಾಯೋದು ಯಾರ್ನ?"

ಪಾಷಾ ಟೋಪಿ ತೆಗೆದು ತಲೆ ತುರಿಸಿಕೊಂಡನಂತೆ. ಆಮೇಲೆ ಹಸುವನ್ನು ಇಲ್ಲೇ ಕಟ್ಟಿ ಬನ್ನಿ ಎಂದು ಕರೆದ. ಹೊತ್ತು ಇಳಿಯುತ್ತಿತ್ತು. ಇಬ್ಬರೂ ಒಂದು ನೀರಿನ ಕಟ್ಟೆಯ ಮರೆಗೆ ಹೋಗಿ ಕೂತರು.

ನೀರಿಗೆ ಕಾಟಿಗಳು ಬಂದವು. ಕಾಟಿ ಎಂದರೆ ಕಾಡೆಮ್ಮೆ. ಚಿಕ್ಕಮಲ್ಲಪ್ಪ ಅವನ್ನು ದೂರದಿಂದ ಕಂಡು ದನ ತಿರುಗಿಸಿದ್ದುಂಟು, ಕೂತು ನೋಡಿದ್ದಿಲ್ಲ. ಮೈ ಎಣ್ಣೆ ಹಚ್ಚಿದ ಹಾಗೆ ಕಪ್ಪು, ಮಂಡಿಯಿಂದ ಕೆಳಗೆ ಸುಣ್ಣ ಬಳಿದಂತೆ ಬಿಳಿ. ನಡುವೆ ಒಂದು ತುಂಬಿದ ಬಸುರಿ, ಹೊಟ್ಟೆ ಒಂದು ಕಡೆಗೆ ವಾಲಿಸಿಕೊಂಡು, ಉಳಿದವು ದಾರಿ ಬಿಟ್ಟ ಮೇಲೆ ನಿಧಾನವಾಗಿ ನೀರಿಗಿಳಿಯಿತು. ಅಷ್ಟರಲ್ಲಿ ಅತ್ತ ಕಟ್ಟಿಹಾಕಿದ್ದ ಕೆಂದಿ ಅಂಬಾ ಎಂದಿತು. ಬಸುರಿ ಕಾಟಿ ತಲೆಯೆತ್ತಿ ಆ ಕಡೆಗೆ ಕಿವಿ ನಿಮಿರಿಸಿತು. ಅದು ನೀರಿಗಿಳಿದ ರೀತಿ ಚಿಕ್ಕಮಲ್ಲಪ್ಪನಿಗೆ ಗುರುತಿನದು. ಮಗಳು ಬಾವಿಕಟ್ಟೆಯ ಮೆಟ್ಟಿಲು ಇಳಿಯುವುದೂ ಹೀಗೆಯೇ.

ಇವು ಯಾರ ದನ ಎಂದು ಪಿಸುಗುಟ್ಟಿದ. ಯಾರದೂ ಅಲ್ಲ ಎಂದ ಪಾಷಾ.

"ಅಂಗಾರೆ ಗೋಪಾಲಂದೇ," ಎಂದ ಚಿಕ್ಕಮಲ್ಲಪ್ಪ.

ಪಾಷಾ ಆಗ ಬಿಗಿ ಆಜ್ಞೆ ಯಾಕೆ ಬಂತು ಎಂದು ಹೇಳಿದ. "ಊರ್ ದನ್ದಿಂದ ಕಾಲುಬಾಯಿ ಜ್ವರ ಬಂತಲ್ಲ ಮಲ್ಲಪ್ನೋರೆ, ಓದೋರ್ಸ ಅಲ್ಲ ಅದ್ರಾಚೆ ವರ್ಸ. ಈ ಕಟ್ಟೆ ಸುತ್ತಾನೇ ಕಾಟಿಗೊಳು ಸತ್ತು ಬಿದ್ದಿದ್ದೊ. ಬಸುರಿ ಇದ್ದವು ಉಳ್ಕಂಡ್ರೂ ಎಲ್ಲ ಕಂದು ಹಾಕ್ಬುಟ್ಟೊ."

ಕಂದು ಹಾಕುವುದು ಎಂದರೆ ದನ ದಿನ ತುಂಬುವ ಮೊದಲೇ ಸತ್ತ ಕರು ಹಾಕುವುದು. ಚಿಕ್ಕಮಲ್ಲಪ್ಪ ಆ ಬೇಸಿಗೆಯನ್ನು ನೆನೆದ. ತನ್ನ ಮಂದೆಗೂ ಬಾಯಿಯಲ್ಲಿ ಜೊಲ್ಲು, ಗೊರಸಿನಲ್ಲಿ ಹುಣ್ಣು. ಕಾಡಿನ ಕೆಸರು ತುಳಿದರೆ ಕಾಲು ಮಾಯುತ್ತದೆ ಎಂದು ಊರಲ್ಲಿ ಹೇಳಿದ್ದರು. ಆತ ಅವನ್ನು ಇದೇ ಕಟ್ಟೆಗೆ ಇಳಿಸಿದ್ದ. ಮಾಯಿತು ಕೂಡ. ಅದೇ ಆಷಾಢದಲ್ಲಿ ಶಿವರುದ್ರಮ್ಮನ ಮಗು ಉಸಿರಾಡದೆ ಹುಟ್ಟಿತು.

ಆ ರಾತ್ರಿ ಆತ ಬುತ್ತಿ ಬಿಚ್ಚಲಿಲ್ಲ. ಹರಕೆ ತೀರಿಸದಿದ್ದುದಕ್ಕೆ ಮಗು ಹೋಯಿತೋ, ಗೋಪಾಲನ ದನ ಕಂದು ಹಾಕಿದ್ದಕ್ಕೆ ಹೋಯಿತೋ? ಮೊದಲನೆಯದಾದರೆ ಕೆಂದಿಯನ್ನು ಕಾಡಿಗೆ ಬಿಡಲೇಬೇಕು. ಎರಡನೆಯದಾದರೆ ಬಿಡಲೇಬಾರದು. ತಲೆ ಗಿರ್ರೆನ್ನುತ್ತಿತ್ತು ಎಂದು ಹೇಳುವಾಗ ಆತ ಈಗಲೂ ಎರಡು ಕೈಯಲ್ಲಿ ತಲೆ ಹಿಡಿದುಕೊಳ್ಳುತ್ತಾನೆ.

ಬೆಳಗಾದ ಮೇಲೆ ಕೆಂದಿಯನ್ನು ಪಾಷಾನ ಸುಪರ್ದಿಗೆ ಕೊಟ್ಟು, ಒಬ್ಬನೇ ಬೆಟ್ಟ ಹತ್ತಿದ. ಗುಡಿಯ ಒಳಗೂ ಮಂಜು ತುಂಬಿತ್ತು. ಕೊಳಲು ಹಿಡಿದ ಸ್ವಾಮಿಯ ಕಾಲ ಬಳಿ ಕಲ್ಲಿನ ದನಗಳಿದ್ದವು. ಎಣ್ಣೆ ಕುಡಿದು ಕುಡಿದು ಕರ್ರಗಾಗಿದ್ದವು. ಹಸುವೋ ಕಾಟಿಯೋ ಎಂದು ಬಗ್ಗಿ ಬಗ್ಗಿ ಅವುಗಳ ಮಂಡಿ ನೋಡಿದ, ತಿಳಿಯಲಿಲ್ಲ. ಪೂಜಾರರು ಏನು ಹರಕೆ ಎಂದು ಕೇಳಿದರು. ಹೆಂಡತಿ ಆವತ್ತು ಕೊಟ್ಟಿಗೆಯಲ್ಲಿ ಹೇಳಿದ್ದನ್ನು ಹಾಗೇ ಹೇಳೋಣ ಎಂದು ಬಾಯಿ ತೆರೆದ. ಆದರೆ ಅವಳು ಅಂದದ್ದು "ನಿನ್ ಕಾಡ್ಗೆ ಬುಡ್ತೀನಿ" ಎಂದೋ, "ನಿನ್ ಕಾಡ ಬುಡ್ತೀನಿ" ಎಂದೋ? ಒಂದಕ್ಷರದ ವ್ಯತ್ಯಾಸ. ಆತನಿಗೆ ನೆನಪಾಗಲಿಲ್ಲ. ನಿಜವಾಗಿಯೂ ಮರೆತನೋ, ಮರೆಯುವುದು ಬೇಕಾಗಿತ್ತೋ, ನನಗೆ ಇಂದಿಗೂ ಬಗೆಹರಿದಿಲ್ಲ.

"ನಿನ್ ಕಾಡ ಬುಟ್ಟೆ ಕಣಪ್ಪ," ಎಂದು ಸ್ವಾಮಿಗೆ ಅಡ್ಡಬಿದ್ದ. ಪೂಜಾರರು ಅರ್ಥವಾಗದೆ ತೀರ್ಥ ಕೊಟ್ಟರು.

ಊರಿಗೆ ಬಂದಾಗ ದೊಡ್ಡಮಲ್ಲಮ್ಮ ಬಾಗಿಲಲ್ಲೇ ಇದ್ದಳು. ಬಿಟ್ಟು ಬಂದಿರಾ ಎಂದು ಕೇಳಿದಳು. ಬುಟ್ಟೆ ಎಂದ. ಅವನ ಹಿಂದೆಯೇ ಕೆಂದಿ ಬಂದು ನೇರ ಕೊಟ್ಟಿಗೆಗೆ ಹೋಯಿತು. ಅವಳು ಗಂಡನನ್ನು ಎಂದೂ ಏಕವಚನದಲ್ಲಿ ಮಾತಾಡಿಸಿದವಳಲ್ಲ, ಅವತ್ತು ಮಾತಾಡಿಸಿದಳು.

"ಏನ್ ಬುಟ್ಟು ಬಂದೆ ನೀನು?"

"ಕಾಡ ಬುಟ್ಟೆ. ಇನ್ಮೇಲೆ ನಮ್ ದನ ಅತ್ತಾಗೆ ಓಗಂಗಿಲ್ಲ," ಎಂದವನು ಕಟ್ಟೆಯ ಬಸುರಿ ಕಾಟಿಯ ಕಥೆಯನ್ನೂ ಹೇಳಿದ.

ಬೀದಿಯೇ ನಕ್ಕಿತು. ಕಾಡೇನು ಇವನಪ್ಪನ ಆಸ್ತಿಯೇ, ದೇವರಿಗೆ ಬಿಟ್ಟುಕೊಡಲಿಕ್ಕೆ? ದೇವರದ್ದನ್ನು ದೇವರಿಗೇ ಕೊಟ್ಟು ಹಸುವನ್ನು ಮನೆಗೆ ತಂದ ಜಾಣ ಎಂದು ಕೆಲವರು ಅಂದರು. ಕೆರೆಯ ನೀರನು ಕೆರೆಗೆ ಚೆಲ್ಲಿದ ಎಂದು ನಾನೂ ಒಂದು ಮಾತು ಸೇರಿಸಿದೆ. ಶಿವರಾತ್ರಿ ಕಳೆದು, ಆಜ್ಞೆ ಏನೇ ಇರಲಿ, ಎಲ್ಲರ ಮಂದೆಯೂ ಬೆಟ್ಟದ ಕಡೆ ಹೊರಟಾಗ ಆತನದು ಹೊರಡಲಿಲ್ಲ. ಹುಲ್ಲು ಸಾಲದೆ ಎತ್ತುಗಳನ್ನು ಜೋಡಿ ಜೋಡಿಯಾಗಿ ಮಾರಿದ. ಆಗ ನಗು ನಿಂತಿತು. ಹಸು ಉಳಿಸಿಕೊಳ್ಳಲು ಮಂದೆ ಮಾರುವವನನ್ನು ಜಾಣ ಎನ್ನುವುದು ಕಷ್ಟ. ದೊಡ್ಡಮಲ್ಲಮ್ಮ ಮಾತ್ರ ಆತನೊಡನೆ ಮಾತು ಬಿಟ್ಟವಳು ಬಿಟ್ಟೇ ಇದ್ದಳು.

ಚೈತ್ರದಲ್ಲಿ ಒಂದು ಬೆಳಿಗ್ಗೆ ಶಿವರುದ್ರಮ್ಮನಿಗೆ ನೋವು ಶುರುವಾಯಿತು. ಸೂಲಗಿತ್ತಿ ಮಂಚಮ್ಮ ಒಳಗೆ ಹೋದಳು. ಬಿಸಿಲೇರಿದರೂ ಹೆರಿಗೆಯಾಗಲಿಲ್ಲ. ಮಂಚಮ್ಮ ಹೊರಗೆ ಬಂದು ಮುಖ ಒರೆಸಿಕೊಂಡು ಮತ್ತೆ ಒಳಗೆ ಹೋದಳು. ಆಗ ದೊಡ್ಡಮಲ್ಲಮ್ಮ ಹೊರಗೆ ಬಂದಳು. ತಿಂಗಳುಗಳ ಮೇಲೆ ಗಂಡನಿಗೆ ಆಡಿದ ಮೊದಲ ಮಾತು:

"ಈಗ್ಲೂ ಒತ್ತು ಮೀರಿಲ್ಲ. ನಿನ್ ಕಾಲಿಗ್ ಬೀಳ್ತೀನಿ, ಆ ಅಸ ಒಡ್ಕಂಡು ಓಗು."

ಚಿಕ್ಕಮಲ್ಲಪ್ಪ ಎದ್ದು ಕೆಂದಿಯ ಹಗ್ಗ ಬಿಚ್ಚಿದ. ನಾನು ಜಗಲಿಯ ಮೇಲಿದ್ದೆ. ಬೀದಿಗೆ ತಂದ, ಗುಂಡ್ಲುಪೇಟೆ ದಾರಿಗೆ ಮುಖ ಮಾಡಿ ನಿಂತ. ಒಳಗಿನಿಂದ ಮಗಳ ಕೂಗು ಬಂತು. ಒಂದು ಹೆಜ್ಜೆ ಮುಂದಿಟ್ಟ, ನಿಂತ. ಕಟ್ಟೆಗೆ ಇಳಿದ ಆ ಬಸುರಿ ಕಾಟಿಯ ಮಾತೆತ್ತದಿದ್ದರೂ ಆತನ ಕಣ್ಣ ಮುಂದಿದ್ದುದು ಅದೇ ಎಂದು ನನಗೆ ಗೊತ್ತಿತ್ತು. ನನ್ನ ಕಡೆ ತಿರುಗಿ, "ಅಂಗಾರೆ?" ಎಂದ. ಅದೊಂದೇ ಪದ. ಊರಿಗೆಲ್ಲ ಬುದ್ಧಿ ಹೇಳುವ ನಾನು ನೆಲ ನೋಡಿದೆ. ಯಾವುದು ಸರಿ ಎಂದು ನನಗೂ ಗೊತ್ತಿರಲಿಲ್ಲ, ಭಯವಾಗಿತ್ತು.

ಕೆಂದಿಯೇ ಹಗ್ಗ ಎಳೆಯಿತೋ, ಆತನೇ ತಿರುಗಿದನೋ, ಇಬ್ಬರೂ ಕೊಟ್ಟಿಗೆಗೆ ವಾಪಸ್ಸಾದರು. ಆತ ಗೋದಲಿಯ ಪಕ್ಕ ಕೂತು, ಎದೆಯ ಮೇಲಿನ ಲಿಂಗವನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡ. ದೊಡ್ಡಮಲ್ಲಮ್ಮ ಅದನ್ನು ನೋಡಿದಳು, ಗೋಡೆಗೆ ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಬಿಸಿಲು ನೆತ್ತಿಯಿಂದ ಜಾರುವ ಹೊತ್ತಿಗೆ ಒಳಗೆ ಎಲ್ಲ ಸದ್ದೂ ನಿಂತಿತು. ಆಮೇಲೆ ಕೂಸು ಅತ್ತಿತು. ಹೆಣ್ಣು ಕೂಸು.

ದೊಡ್ಡಮಲ್ಲಮ್ಮ ಮೊಮ್ಮಗಳನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಕೊಟ್ಟಿಗೆಯ ಬಾಗಿಲಿಗೆ ಬಂದಳು. ಗಂಡನನ್ನೂ ಕೆಂದಿಯನ್ನೂ ತುಂಬ ಹೊತ್ತು ನೋಡಿದಳು.

"ಅಂಗಾರೆ ಅರ್ಕೆ ತೀರ್ತಾ?" ಎಂದಳು. ಆತನ ಪದ ಆತನಿಗೇ ಬಂದು ತಗುಲಿತು.

"ನಾನೇನ್ ಕಂಡೆ," ಎಂದ ಚಿಕ್ಕಮಲ್ಲಪ್ಪ. "ಪಾಷಾ ಸಾಬ್ರು ಸಂತೇಲಿ ಸಿಕ್ಕಿದ್ರು. ಆ ಕಟ್ಟೆ ಕಾಟಿ ಮೊನ್ನೆ ಕರ ಆಕ್ತಂತೆ."

ಅವಳು ಬಾಗಿಲ ಹೊಸ್ತಿಲ ಮೇಲೆ ಕೂತು ಕೂಸನ್ನು ತೊಡೆಗೆ ಹಾಕಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು:

"ತಾಯಿ ಕರ ಉಸಾರಾಗವಂತಾ?"